ಚಾಕಿ ಮನೆಯ ಎರಡನೇ ಕೋಣೆ

ಬೆಳಿಗ್ಗೆ ಎರಡನೇ ಕೋಣೆಯ ಬಾಗಿಲು ತೆಗೆದ ಕಮಲಾಕ್ಷಮ್ಮನವರ ಮುಖಕ್ಕೆ ಒಲೆಯ ಬಾಯಿಯಿಂದ ಬಂದಂತೆ ಝಳ ಬಡಿಯಿತು. ತಟ್ಟೆಗಳಲ್ಲಿ ಎಳೆಯ ರೇಷ್ಮೆ ಹುಳುಗಳು ಸೊಪ್ಪಿನ ಮೇಲೆಯೇ ಒಣಗಿ ಸತ್ತಿದ್ದವು. ಹೀಟರ್ ಇನ್ನೂ ಉರಿಯುತ್ತಿತ್ತು. ಗೋಡೆಯ ಮೇಲಿನ ಶಾಖದ ಪೆಟ್ಟಿಗೆಯ ಪರದೆ ಮಾತ್ರ ತಣ್ಣಗೆ ತೋರಿಸುತ್ತಿತ್ತು— ಶಾಖದ ಮಿತಿ ಇಪ್ಪತ್ತೇಳು ಡಿಗ್ರಿ.

ಕೊರಟಗೆರೆ ಬಳಿಯ ಆ ಚಾಕಿ ಮನೆಯಲ್ಲಿ ಮರಿಹುಳುಗಳನ್ನು ಒಂದಷ್ಟು ದಿನ ಸಾಕಿ ರೈತರಿಗೆ ಕೊಡುತ್ತಿದ್ದರು. ಹುಳು ನೋಡಿಕೊಳ್ಳುತ್ತಿದ್ದವಳು ಮಂಜಮ್ಮ. ಒಯ್ಯಲು ಬಂದು ನಿಂತಿದ್ದ ರೈತರ ಎದುರಿಗೇ ಕಮಲಾಕ್ಷಮ್ಮ ಅವಳನ್ನು ಬೈದರು. ಶಿರಾ ಕಡೆಯ ಯಾರೋ ಪೈಪೋಟಿಯ ಚಾಕಿ ಮನೆಯವರ ಮಾತು ಕೇಳಿ ಹೀಟರ್ ಹೆಚ್ಚಿಸಿದ್ದಾಳೆ ಎಂದರು. ಮಂಜಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹೊರಟುಹೋದಳು.

ಮಧುಗಿರಿಯಲ್ಲಿದ್ದ ತಂಗಿಯ ಮಗಳು ಶಿವರಂಜನಿಗೆ ಕಮಲಾಕ್ಷಮ್ಮ ಫೋನು ಮಾಡಿದಾಗ ಅಲ್ಲಿನ ಬೆಟ್ಟಕ್ಕೆ ಮಂಜು ಕವಿದಿತ್ತು. ಬುಡವೇ ಇಲ್ಲದ ಬಂಡೆ ಆಕಾಶದಲ್ಲಿ ತೇಲುತ್ತಿತ್ತು. ಕಂಪ್ಯೂಟರಿನ ಯಂತ್ರಭಾಗಗಳನ್ನು ಒಳಗಿನಿಂದ ಆಳುವ ಕರ್ನೆಲ್‌ಗೆ ಕೋಡ್ ಬರೆಯುವುದು ಅವಳ ಕಸುಬು. ಮಂಜಮ್ಮನ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆ, ಶಾಖದ ಪೆಟ್ಟಿಗೆಯಿಂದ ಪುರಾವೆ ತೆಗೆದುಕೊಡು ಎಂದಿದ್ದರು ದೊಡ್ಡಮ್ಮ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಹೊಲ, ಗುಡ್ಡ, ರಸ್ತೆ ಎಲ್ಲವೂ ಬೇರೆ ಯಾರದೋ ನಿದ್ದೆಯೊಳಗೆ ಸರಿದು ಹೋಗುತ್ತಿರುವಂತೆ ಕಂಡವು.

ಮೊದಲು ಅವಳು ಹೋದದ್ದು ಮಂಜಮ್ಮನ ಮನೆಗೆ.

"ನಿನ್ನೆ ಏನಾದರೂ ಮುಟ್ಟಿದ್ರಾ?"

"ಸೊಪ್ಪು ಹಾಕಿ ಬಾಗ್ಲು ಮುಚ್ಕೊಂಡು ಬಂದ್ಬುಟ್ಟೆ ಕಣಮ್ಮ. ಎರಡು ಕೋಣೆಗೂ ನಂದೇ ಕೈ. ಒಂದ್ರಾಗೆ ಹುಳ ಚೆಂದಾಗವೆ, ಇನ್ನೊಂದ್ರಾಗೆ ಸತ್ವು. ಅದು ಹೆಂಗೆ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಶಿವರಂಜನಿ ಚಾಕಿ ಮನೆಗೆ ಬಂದಳು. ಪಾವಗಡದ ಚಿರಂಜೀವಿಯೂ ಬಂದಿದ್ದ. ಶಾಖದ ಪೆಟ್ಟಿಗೆಗಳನ್ನು ಕೂರಿಸಿದವನು, ಅವುಗಳ ಕೋಡ್ ಬರೆದವನು ಅವನೇ. ಎರಡನೇ ಕೋಣೆಯ ಪೆಟ್ಟಿಗೆಯೊಳಗಿನ ಬೋರ್ಡು ಸುಟ್ಟುಹೋಗಿತ್ತೆಂದು ಹಿಂದಿನ ಸಂಜೆಯಷ್ಟೇ ಹೊಸದನ್ನು ಹಾಕಿ, ಹೀಟರ್ ಹೊತ್ತಿಕೊಂಡದ್ದನ್ನು ನೋಡಿ ಹೋಗಿದ್ದ.

"ಹೊಸದು ಅಂದರೆ ಏನೇನು ಹೊಸದು?"

"ಬೋರ್ಡು, ಅದರ ಕರ್ನೆಲ್ ಅಷ್ಟೇ ಅಕ್ಕ. ಪ್ರೋಗ್ರಾಂನಲ್ಲಿ ಒಂದಕ್ಷರ ಮುಟ್ಟಿಲ್ಲ. ಮೊದಲ ಕೋಣೆಯದನ್ನೇ ಹಾಗೇ ತಂದು ಹಾಕಿದೀನಿ."

ಆ ಮಾತನ್ನು ಎಲ್ಲರೂ ಆಗಲೇ ಕೇಳಿದ್ದರು. ಕೇಳಿ ಅವನ ಮೇಲಿನ ಅನುಮಾನ ಬಿಟ್ಟುಬಿಟ್ಟಿದ್ದರು. ಶಿವರಂಜನಿ ಮಾತ್ರ ಅವನ ಕೋಡನ್ನು ತೆರೆಸಿ ಓದಿದಳು.

"ತೇವಾಂಶದ ಮಿತಿ ಎಷ್ಟಿಡ್ತೀರಿ ದೊಡ್ಡಮ್ಮ?"

"ಎಂಬತ್ತೈದು."

ಬೆಳಿಗ್ಗೆ ಆರಿಸಿದ್ದ ಪೆಟ್ಟಿಗೆಯನ್ನು ಮತ್ತೆ ಹಚ್ಚಿ, ಹೀಟರ್ ಹೊತ್ತಿಕೊಂಡ ಮೇಲೆ ಅವಳು ಪರದೆಯಲ್ಲಿ ತೇವಾಂಶವನ್ನು ಹತ್ತಕ್ಕೆ ಇಳಿಸಿದಳು. ಟಕ್ಕೆಂದು ಹೀಟರ್ ಆರಿತು. ಮತ್ತೆ ಎಂಬತ್ತೈದಕ್ಕೆ ಏರಿಸಿದಳು. ಹೀಟರ್ ಕೆಂಪಾಯಿತು. ಶಾಖದ ಅಂಕಿಯನ್ನು ಯಾರೂ ಮುಟ್ಟಿರಲಿಲ್ಲ.

ಚಿರಂಜೀವಿ ಪರದೆಯ ಹತ್ತಿರ ಬಂದ. ಶಿವರಂಜನಿ ಮೆಲ್ಲಗೆ ಹೇಳಿದಳು:

"ಒಂದಕ್ಷರ ಮುಟ್ಟಿಲ್ಲ ಅಂದೆಯಲ್ಲ, ಸುಳಿವು ಅಲ್ಲೇ ಇತ್ತು. ಪ್ರೋಗ್ರಾಂ ಕರ್ನೆಲ್‌ಗೆ ಮೂರು ಅಂಕಿ ಸಾಲಾಗಿ ಕಳಿಸುತ್ತೆ— ಪೆಟ್ಟಿಗೆಯ ಸಂಖ್ಯೆ, ಶಾಖ, ತೇವಾಂಶ. ಮೊದಲನೆಯದನ್ನು ನೀನು 'ಲಾಂಗ್' ಅನ್ನೋ ಅಳತೆಯಲ್ಲಿ ಬರೆದಿದ್ದೀಯ. ಹಳೇ ಬೋರ್ಡಿನಲ್ಲಿ ಲಾಂಗ್ ನಾಲ್ಕು ಬೈಟ್ ಜಾಗ ಹಿಡಿಯುತ್ತೆ, ಹೊಸ ಕರ್ನೆಲ್‌ನಲ್ಲಿ ಎಂಟು. ಹಳೇ ಪ್ರೋಗ್ರಾಂ ನಾಲ್ಕು ಬಿಟ್ಟು ಶಾಖ ಬರೆಯಿತು. ಹೊಸ ಕರ್ನೆಲ್ ಎಂಟು ದಾಟಿ ಓದಿತು. ಅಲ್ಲಿ ಸಿಕ್ಕಿದ್ದು ತೇವಾಂಶ. ಎಂಬತ್ತೈದು ಡಿಗ್ರಿ ಆಗೋವರೆಗೂ ಕಾಯಿಸಬೇಕು ಅಂತ ಅದು ತಿಳಿದುಕೊಂಡಿತು."

"ಮತ್ತೆ ಪರದೆಯಲ್ಲಿ ಇಪ್ಪತ್ತೇಳು ಇತ್ತಲ್ಲ?" ಎಂದರು ಕಮಲಾಕ್ಷಮ್ಮ.

"ಅದು ತೋರಿಸೋದು ಪ್ರೋಗ್ರಾಂ ಹೇಳಿದ್ದನ್ನ. ಕರ್ನೆಲ್ ಕೇಳಿಸಿಕೊಂಡದ್ದನ್ನಲ್ಲ."

"ಹಾಗಾದರೆ ತಪ್ಪು ಯಾರದು?"

"ನಂದು," ಎಂದ ಚಿರಂಜೀವಿ.

ಸಂಜೆಯೊಳಗೆ ಇಬ್ಬರೂ ಕೂತು ಆ ಪದವನ್ನು ಕಿತ್ತುಹಾಕಿದರು. ಯಾವ ಯಂತ್ರಕ್ಕೆ ಹೋದರೂ ಅಳತೆ ಬದಲಾಗದಂತೆ, ಮೂರೂ ಅಂಕಿಗಳಿಗೆ ಮೂವತ್ತೆರಡು ಬಿಟ್, ಅಂದರೆ ನಾಲ್ಕೇ ಬೈಟ್, ಎಂದು ಪ್ರೋಗ್ರಾಂ ಮತ್ತು ಕರ್ನೆಲ್ ಎರಡೂ ಕಡೆ ಬರೆದರು. ಈಗ ತೇವಾಂಶ ಏರಿಸಿದರೂ ಇಳಿಸಿದರೂ ಹೀಟರ್ ಕದಲಲಿಲ್ಲ.

ಕಮಲಾಕ್ಷಮ್ಮ ಮಂಜಮ್ಮನ ಮನೆಗೆ ಹೋಗಿ, ಆದದ್ದು ಆಯಿತು, ಕೆಲಸಕ್ಕೆ ಬಾ ಎಂದು ಕರೆದರು.

"ಬತ್ತೀನಿ ಅಮ್ಮಾರೆ," ಎಂದಳು ಮಂಜಮ್ಮ. "ಆದ್ರೆ ಅಷ್ಟು ಜನದ ಮುಂದೆ ಅಂದಿದ್ದನ್ನ ಈ ಜಗಲಿ ಮ್ಯಾಲೆ ಅಳಿಸಿದ್ರೆ ಹೆಂಗೆ?"

ಮುಂದಿನ ಸಲ ರೈತರು ಬುಟ್ಟಿ ಹಿಡಿದು ಬಂದ ಬೆಳಿಗ್ಗೆ, ಕಮಲಾಕ್ಷಮ್ಮ ಅಂಗಳದ ನಡುವೆ ನಿಂತರು. ಮಂಜಮ್ಮ ಏನೂ ಮಾಡಿರಲಿಲ್ಲ, ವಿಚಾರಿಸದೆ ಅವಳ ಮಾನ ತೆಗೆದವಳು ನಾನು ಎಂದರು. ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹೇಳಿದರು. ಮಂಜಮ್ಮ ತಲೆಯೆತ್ತಿಕೊಂಡೇ ಕೇಳಿಸಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಬಂದಿದ್ದ ಶಿವರಂಜನಿಯನ್ನು ಎರಡನೇ ಕೋಣೆಯೊಳಗೆ ಕರೆದು, ಹೊಸ ಹುಳುಗಳ ತಟ್ಟೆಯ ಮೇಲಿನ ಕಾಗದ ಸರಿಸಿದಳು.

ಬೆಳ್ಳನೆಯ ಹುಳುಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.