ಹನ್ನೊಂದಕ್ಕೆ ನಿಂತ ಕ್ಲಿಕ್ಕರ್

"ಅದನ್ನ ಒತ್ತಬೇಡ!" ರೇಣು ಕಿರುಚಿದಳು.

ಶ್ರೀನಿ ಹೆಬ್ಬೆರಳನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ಅವನ ಒಂದು ಕಾಲಿಗೆ ಶೂ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆ ಇನ್ನೊಂದನ್ನು ಹುಡುಕಲು ಕೋಟು ತೂಗುಹಾಕುವ ಕ್ಲಾಸೆಟ್ಟಿನೊಳಗೆ ಹೋದವನು ಅಪ್ಪನ ಕೋಟಿನ ಜೇಬಿಗೆ ಕೈ ಹಾಕಿದ್ದ.

"ನಾನು ಒತ್ತಿಲ್ಲ. ಐ ವಾಸ್ ಜಸ್ಟ್ ಲುಕಿಂಗ್."

"ಕೊಡು ಇಲ್ಲಿ."

"ನಿಂದೇನಲ್ಲ ಇದು. ಅಪ್ಪಂದು."

"ಅಪ್ಪಂದೂ ಅಲ್ಲ. ಆಸ್ಪತ್ರೇದು. ಹಿಂದೆ ನೋಡು, ಬರೆದಿದ್ದಾರೆ."

ಶ್ರೀನಿಗೆ ಆರು ವರ್ಷ. ಅಷ್ಟು ಸಣ್ಣ ಅಕ್ಷರ ಓದಲು ಅವನಿಗೆ ಬರುತ್ತಿರಲಿಲ್ಲ. ಆದರೂ ತಿರುಗಿಸಿ ನೋಡಿದ. ಆಮೇಲೆ ಅಕ್ಕನ ಕೈಗೆ ಕೊಟ್ಟುಬಿಟ್ಟ.

ಅದು ಅಂಗೈಯಲ್ಲಿ ಹಿಡಿಸುವ ಒಂದು ಸ್ಟೀಲಿನ ಕ್ಲಿಕ್ಕರ್. ಮೇಲಿನ ಗುಂಡಿ ಒತ್ತಿದರೆ ಟಿಕ್ ಎಂದು ಸದ್ದಾಗಿ ಅಂಕಿ ಒಂದು ಹೆಚ್ಚುತ್ತದೆ. ಪಕ್ಕದ ತಿರುಪು ತಿರುಗಿಸಿದರೆ ಮತ್ತೆ ಎಲ್ಲ ಸೊನ್ನೆ. ಈಗ ಅದರಲ್ಲಿ ಹನ್ನೊಂದು ಇತ್ತು. ರೇಣು ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿ ಝಿಪ್ ಎಳೆದಳು.

"ಬಸ್ಸಿಗೆ ಐದೇ ನಿಮಿಷ," ಎಂದಳು ಅಮ್ಮ ಅಡುಗೆಮನೆಯಿಂದ. ಅಮ್ಮ ಇಷ್ಟು ದಿನದ ಮೇಲೆ ಮೊದಲ ಸಲ ಲಂಚ್‌ಬಾಕ್ಸ್ ಕಟ್ಟುತ್ತಿದ್ದಳು.

ಅಪ್ಪ ತೀರಿಕೊಂಡು ಎರಡು ವಾರವಾಗಿತ್ತು. ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮಿನಲ್ಲಿ ಅಶ್ವತ್ಥನಾರಾಯಣ ಅಂಕಲ್ ಪುಸ್ತಕ ಹಿಡಿದು ಮಂತ್ರ ಹೇಳಿದ್ದರು. ಅವರು ಔಷಧದ ಕಂಪನಿಯಲ್ಲಿ ಕೆಮಿಸ್ಟ್. ಆದರೆ ಅಮೆರಿಕದ ಈ ವುಡ್‌ಬ್ರಿಡ್ಜ್ ಊರಿನ ಸುತ್ತಮುತ್ತ ಮಂತ್ರ ಗೊತ್ತಿದ್ದವರು ಅವರೊಬ್ಬರೇ. ಶನಿವಾರ ಹದಿಮೂರನೆಯ ದಿನದ ಊಟವೂ ಆಯಿತು. ಭಾನುವಾರ ಎಲ್ಲರೂ ತಮ್ಮ ತಮ್ಮ ಕಾರು ಹತ್ತಿ ಹೋದರು. ಇವತ್ತು ಸೋಮವಾರ. ಸ್ಕೂಲ್ ಇತ್ತು.

"ಅಮ್ಮಾ, ಇದನ್ನ ವಾಪಸ್ ಕೊಡಬೇಕಲ್ಲ?" ರೇಣು ಜೇಬು ತಟ್ಟಿ ತೋರಿಸಿದಳು.

ಅಮ್ಮನಿಗೆ ಅದೇನೆಂದು ಕೂಡಲೇ ಗೊತ್ತಾಯಿತು. "ಕೊಡಬೇಕು. ಸಂಜೆ ಹೋಗೋಣ. ಶ್ರೀನಿ ಪಕ್ಕದ ಕೌಸಲ್ಯಾ ಆಂಟಿ ಮನೇಲಿರಲಿ."

"ಬೇಕಾದರೆ ನಾಳೆ ಹೋಗೋಣ."

"ಇವತ್ತೇ ಹೋಗೋಣ."

ಬಸ್ಸಿನಲ್ಲಿ ರೇಣು ಕಿಟಕಿಯ ಪಕ್ಕ ಕೂತಳು. ಬಸ್ಸು ರಸ್ತೆ ಮೂಲೆಯ ಅಂಚೆಯ ನೀಲಿ ಮೇಲ್‌ಬಾಕ್ಸ್ ದಾಟುವಾಗ ಆ ಕಡೆ ನೋಡಲಿಲ್ಲ.

ಎರಡು ವರ್ಷದ ಹಿಂದೆ ರೂಟ್ ಒಂಬತ್ತರ ಹೆದ್ದಾರಿಯಲ್ಲಿ ಅಪ್ಪನ ಕಾರಿಗೆ ಹಿಂದಿನಿಂದ ಟ್ರಕ್ಕೊಂದು ಗುದ್ದಿತ್ತು. ಮುರಿದದ್ದೆಲ್ಲ ಕೂಡಿಕೊಂಡಿತು. ಬೆನ್ನುನೋವು ಮಾತ್ರ ಹೋಗಲಿಲ್ಲ. ಅಪ್ಪ ಆಫೀಸು ಬಿಟ್ಟರು, ಡ್ರೈವ್ ಮಾಡುವುದನ್ನು ಬಿಟ್ಟರು. ದಿನವಿಡೀ ಲಿವಿಂಗ್ ರೂಮಿನ ಕಾರ್ಪೆಟ್ಟಿನ ಮೇಲೆ ಮಲಗಿರುತ್ತಿದ್ದರು. ಶ್ರೀನಿ ಅವರ ಹೊಟ್ಟೆಯ ಮೇಲೆ ಆಟದ ಕಾರು ಓಡಿಸುತ್ತಿದ್ದ. ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದರು: "ಹೇಗಿದೆ ಬೆನ್ನು? ಇವತ್ತು ಜಾಸ್ತಿಯೋ ಕಮ್ಮಿಯೋ?" ಇಂಡಿಯಾದಿಂದ ಬರುವ ಪ್ರತಿ ಕಾಗದದಲ್ಲೂ ಅದೇ ಪ್ರಶ್ನೆ.

ಬೇಸಿಗೆಯಲ್ಲಿ ಅಪ್ಪ ಆಸ್ಪತ್ರೆಯ ನೋವಿನ ಕ್ಲಾಸಿಗೆ ಸೇರಿದರು. ಅಲ್ಲಿ ಕಲಿಸುವ ಮಿಸ್ ಡೋಲನ್ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿದ್ದರು.

"ಈ ನೋವು ಪೂರ್ತಿ ಹೋಗುತ್ತೆ ಅಂತ ನಾನು ಹೇಳೋದಿಲ್ಲ," ಎಂದಿದ್ದರು ಅವರು. "ನೋವು ಇದ್ದರೂ ಏನೇನು ಮಾಡಬಹುದು ಅಂತ ಕಲಿಯೋಣ. ನೋವು ಬಂತು ಅಂತ ನಿಲ್ಲಿಸಬಾರದು, ಅವತ್ತಿನ ಲೆಕ್ಕ ಮುಗಿದಾಗ ನಿಲ್ಲಿಸಬೇಕು. ಇನ್ನೊಂದು. ಮನೇಲಿ ಯಾರೂ 'ನೋಯ್ತಿದೆಯಾ' ಅಂತ ಕೇಳಬಾರದು. ಕೇಳಿದಷ್ಟೂ ಮನಸ್ಸು ಅಲ್ಲೇ ಹೋಗುತ್ತೆ. ಬೇರೆ ಏನಾದರೂ ಮಾತಾಡಿ."

ಎಲ್ಲರಿಗಿಂತ ಸರಿಯಾಗಿ ಆ ರೂಲ್ ಪಾಲಿಸಿದವಳು ರೇಣು. ಸ್ಕೂಲ್ ಮುಗಿಸಿ ಬಂದ ಮೇಲೆ ದಿನಾ ಅಪ್ಪನ ಜೊತೆ ನಡೆಯುತ್ತಿದ್ದಳು. ಅಪಾರ್ಟ್‌ಮೆಂಟಿನ ಬಾಗಿಲಿಂದ ಮೇಲ್‌ಬಾಕ್ಸ್‌ವರೆಗೆ ಹೋಗಿ ಬಂದರೆ ಒಂದು ಸುತ್ತು. ಅಪ್ಪ ಮೇಲ್‌ಬಾಕ್ಸ್ ಮುಟ್ಟಿದ ಕೂಡಲೇ ಅವಳು ಕ್ಲಿಕ್ಕರ್ ಒತ್ತಬೇಕು. ಮೊದಲ ವಾರ ಎರಡೇ ಸುತ್ತು. ಆಮೇಲೆ ಮೂರು, ಐದು, ಹತ್ತು. ಅಕ್ಟೋಬರಿನಲ್ಲಿ ಅಪ್ಪ ಮಧ್ಯಾಹ್ನದವರೆಗೆ ಆಫೀಸಿಗೂ ಹೋಗತೊಡಗಿದರು. ಕೌಸಲ್ಯಾ ಆಂಟಿ ರೂಲ್ ಮರೆತು ಕೇಳಿದರೆ ಅಪ್ಪ, "ಬೆನ್ನಾ? ಹಿಂದೆಯೇ ಇದೆ," ಎನ್ನುತ್ತಿದ್ದರು.

ಕೊನೆಯ ದಿನ ಹದಿನಾಲ್ಕು ಸುತ್ತು ಆಗಬೇಕಿತ್ತು. ಹನ್ನೊಂದನೆಯ ಸಲ ಮೇಲ್‌ಬಾಕ್ಸ್ ಮುಟ್ಟಿದ ಕೈಯನ್ನು ಅಪ್ಪ ಎತ್ತಲಿಲ್ಲ. ಅದನ್ನೇ ಹಿಡಿದು ನಿಂತರು. ರೇಣು ಟಿಕ್ ಎಂದು ಒತ್ತಿದಳು. ರೂಲಿನ ಪ್ರಕಾರ ಬೇರೆ ಮಾತು ಶುರು ಮಾಡಿದಳು. "ಅಪ್ಪಾ, ಮಿಸಿಸಿಪ್ಪಿಯಲ್ಲಿ ಎಷ್ಟು ಎಸ್ ಬರುತ್ತೆ ಹೇಳಿ ನೋಡೋಣ?"

"ನಾಲ್ಕು," ಎಂದರು ಅಪ್ಪ. ಆಮೇಲೆ, "ಇವತ್ತಿಗೆ ಇಷ್ಟು ಸಾಕು ಕಣೇ," ಎಂದರು.

ಅವತ್ತು ರಾತ್ರಿ ಅವರ ಹೃದಯ ನಿಂತಿತು. ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ರೇಣು ತಲೆಯಾಡಿಸಿದ್ದಳು. ಆದರೆ ಮೇಲ್‌ಬಾಕ್ಸಿನ ವಿಷಯ ಡಾಕ್ಟರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಅಮ್ಮ ಡಾಡ್ಜ್ ಕಾರನ್ನು ತುಂಬ ನಿಧಾನವಾಗಿ ಓಡಿಸಿದಳು. ಅವಳಿಗೆ ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಗಿತ್ತು. ಇಷ್ಟು ದೂರ ಅಪ್ಪನಿಲ್ಲದೆ ಡ್ರೈವ್ ಮಾಡಿದ್ದು ಇದೇ ಮೊದಲು. ಪಕ್ಕದ ಸೀಟಿನಲ್ಲಿ ರೇಣು ಜೇಬಿನ ಝಿಪ್ ತೆಗೆಯುವುದು, ಎಳೆಯುವುದು ಮಾಡುತ್ತಿದ್ದಳು. ಕೆಂಪು ಲೈಟ್ ಬಂದು ಕಾರು ನಿಂತಿತು.

"ಅಮ್ಮಾ."

"ಹೂಂ."

"ಅವತ್ತು ಅಪ್ಪ ಮೇಲ್‌ಬಾಕ್ಸ್ ಹಿಡಕೊಂಡು ನಿಂತುಬಿಟ್ಟಿದ್ರು. ನಾನು ಏನಾಯ್ತು ಅಂತ ಕೇಳಲಿಲ್ಲ." "ಕೇಳಿದ್ದರೆ ಹೇಳ್ತಿದ್ರೇನೋ. ನಾವು ಡಾಕ್ಟರ ಹತ್ತಿರ ಹೋಗಬಹುದಿತ್ತು."

ಅಮ್ಮ ಲೈಟನ್ನೇ ನೋಡುತ್ತಿದ್ದಳು.

"ನಾನು ಕೇಳಿದೆ," ಎಂದಳು.

"ರೂಲ್ ಇತ್ತಲ್ಲ?"

"ಇತ್ತು. ಮುಖ ಬಾಡಿತ್ತು, ಅದಕ್ಕೇ ಕೇಳಿದೆ. ಊಟಕ್ಕೆ ಕೂತಾಗ ಒಂದು ಸಲ. ಮಲಗೋವಾಗ ಇನ್ನೊಂದು ಸಲ."

"ಏನಂದ್ರು?"

"ಹಿಂದೆಯೇ ಇದೆ ಅಂದ್ರು."

ಲೈಟ್ ಹಸಿರಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅಮ್ಮ ಗಾಬರಿಯಿಂದ ಗೇರ್ ಹಾಕಿದಳು.

ನೋವಿನ ಕ್ಲಾಸು ಆಸ್ಪತ್ರೆಯ ಬೇಸ್‌ಮೆಂಟಿನಲ್ಲಿತ್ತು. ಉದ್ದದ ಕಾರಿಡಾರ್, ಗೋಡೆಗುಂಟ ಹಿಡಿದು ನಡೆಯಲು ಮರದ ಕಂಬಿ. ಗೋಡೆಯ ಮೇಲೆ ದಿನದ ಸುತ್ತುಗಳನ್ನು ತೋರಿಸುವ, ಒಬ್ಬೊಬ್ಬರದು ಒಂದೊಂದು ಗ್ರಾಫ್. ಅಪ್ಪನದು ಇನ್ನೂ ಅಲ್ಲೇ ಇತ್ತು. ಕೆಂಪು ಗೆರೆ ಮೆಟ್ಟಿಲಿನ ಹಾಗೆ ಏರುತ್ತ ಹೋಗಿತ್ತು. ನಡುವೆ ಒಂದು ಕಡೆ ಮಾತ್ರ ತಟ್ಟನೆ ಕೆಳಗಿಳಿದಿತ್ತು.

ಮಿಸ್ ಡೋಲನ್ ಅಮ್ಮನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ರೇಣುವಿನ ಪಕ್ಕ ಬಂದು ನಿಂತರು.

"ಅದು ಅವರಿಗೆ ತುಂಬ ನೋವಿದ್ದ ದಿನ," ರೇಣು ಗೆರೆ ಇಳಿದ ಜಾಗದಲ್ಲಿ ಬೆರಳಿಟ್ಟಳು. "ಹತ್ತು ಸುತ್ತು ಇತ್ತು. ನಾಲ್ಕಕ್ಕೇ ಸಾಕು ಅಂದ್ರು. ತುಂಬಾ ಸ್ಲೋ ಆಗಿ ನಡೆದ್ರು."

"ಅಕ್ಟೋಬರ್ ಹದಿನೇಳು." ಮಿಸ್ ಡೋಲನ್ ಹುಬ್ಬೇರಿಸಿದರು. "ಇಲ್ವಲ್ಲ. ನಾನೂ ಹಾಗೇ ಅಂದುಕೊಂಡು ಬೈದೆ. ಲೆಕ್ಕ ಮುಗಿಯದೆ ನಿಲ್ಲಿಸಬಾರದು ಅಂತ ಹೇಳಿರಲಿಲ್ವಾ ಅಂದೆ. ಅದಕ್ಕೆ ನಿಮ್ಮಪ್ಪ ಏನಂದ್ರು ಗೊತ್ತಾ? 'ಇದು ನನ್ನ ಬೆನ್ನಲ್ಲ ಮಿಸ್ ಡೋಲನ್, ನನ್ನ ಮಗಳ ಹಿಮ್ಮಡಿ. ಹೊಸ ಶೂ ಕಚ್ಚುತ್ತಿತ್ತು. ಅವಳು ಹೇಳಲಿಲ್ಲ. ಕೇಳಬಾರದು ಅಂತ ನಿಮ್ಮದೇ ರೂಲು.'"

ರೇಣು ಗ್ರಾಫಿನಿಂದ ಬೆರಳು ತೆಗೆದಳು.

ಅವತ್ತು ಶೂ ಕಚ್ಚಿದ್ದು ನಿಜ. ಗುಳ್ಳೆ ಎದ್ದಿತ್ತು. ಅಪ್ಪನ ಸುತ್ತು ನಿಲ್ಲಬಾರದೆಂದು ಅವಳು ಬಾಯಿಬಿಟ್ಟಿರಲಿಲ್ಲ, ಕುಂಟಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಹಳೆಯ ಶೂ ಪಾಲಿಶ್ ಆಗಿ ಬಾಗಿಲ ಹತ್ತಿರ ಕೂತಿತ್ತು. ಅಮ್ಮ ಇಟ್ಟಿರಬೇಕೆಂದು ಅಂದುಕೊಂಡಿದ್ದಳು.

"ಮಿಸ್ ಡೋಲನ್," ಎಂದಳು ರೇಣು, "ಕೊನೇ ದಿನ ನಾನು ಕೇಳಿದ್ದರೆ?"

ಮಿಸ್ ಡೋಲನ್ ಕೆಂಪು ಗೆರೆ ಮುಗಿದ ಕಡೆ ನೋಡಿದರು.

"ನನಗೆ ಗೊತ್ತಿಲ್ಲ ರೇಣು," ಎಂದರು. "ಕೇಳಬೇಡ ಅಂದವಳು ನಾನು. ನಾನೂ ದಿನಾ ಅದನ್ನೇ ಯೋಚನೆ ಮಾಡ್ತೀನಿ."

ಒಳಗಿನಿಂದ ಒಬ್ಬ ಮುದುಕ ಗೊಣಗಿದ. "ಎಷ್ಟು ಹೊತ್ತು ಕಾಯಬೇಕು? ನನಗೂ ಒಂದು ಟಿಕ್ ಟಿಕ್ ಕೊಡ್ತೀನಿ ಅಂದಿರಿ!"

"ಬಂದೆ, ಮಿಸ್ಟರ್ ಬ್ರೂನೋ. ಒಂದು ಕಮ್ಮಿ ಬಿದ್ದಿದೆ."

ಕ್ಲಿಕ್ಕರ್ ಜೇಬಿನೊಳಗೆ ರೇಣುವಿನ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು. ಅವಳು ಅಮ್ಮನ ಕಡೆ ತಿರುಗಿದಳು.

ಅಮ್ಮ ಅಪ್ಪನ ಗ್ರಾಫಿನ ಮುಂದೆ ನಿಂತಿದ್ದಳು. ಕೆಂಪು ಗೆರೆ ಮುಗಿದ ಮೇಲೆ ಉಳಿದ ಖಾಲಿ ಚೌಕಗಳನ್ನು ನೋಡುತ್ತಿದ್ದಳು. ಅವಳ ಒಂದು ಕೈ ಮರದ ಕಂಬಿಯ ಮೇಲಿತ್ತು. ಆ ಕೈ ಅಲ್ಲಿಂದ ಏಳುತ್ತಿರಲಿಲ್ಲ.

ರೇಣು ಏನೂ ಕೇಳಲಿಲ್ಲ. ಹೋಗಿ ಪಕ್ಕದಲ್ಲಿ ನಿಂತಳು. ಅಮ್ಮನ ಭುಜ ತನ್ನ ತಲೆಗೆ ತಾಗುವಷ್ಟು ಹತ್ತಿರ.

"ಅಮ್ಮಾ, ಮಿಸಿಸಿಪ್ಪಿಯಲ್ಲಿ ಎಷ್ಟು ಎಸ್?"

ಅಮ್ಮ ತಡೆದು ಹೇಳಿದಳು. "ಎರಡು."

"ಅಯ್ಯೋ, ನಾಲ್ಕು! ಎಂ.ಎ. ಮಾಡಿದ್ದೀಯ ನೀನು!"

"ನಾನು ಎಂ.ಎ. ಮಾಡಿದ್ದು ಸಂಸ್ಕೃತದಲ್ಲಿ," ಎಂದಳು ಅಮ್ಮ. ಅವಳ ಕೈ ಕಂಬಿಯಿಂದ ಎದ್ದು ರೇಣುವಿನ ಜಡೆ ಸರಿಮಾಡಿತು.

ಸ್ವಲ್ಪ ಹೊತ್ತು ಬಿಟ್ಟು ರೇಣು ಒಳಗೆ ಹೋದಳು. ಮಿಸ್ಟರ್ ಬ್ರೂನೋ ಕುರ್ಚಿಯ ತುದಿಯಲ್ಲಿ ಕೂತು ಮುಖ ಗಂಟಿಕ್ಕಿದ್ದ.

"ನಿಮಗೆ ಎಷ್ಟು ಸುತ್ತು?"

"ಎರಡು. ಎರಡೇ ಎರಡು! ನಲವತ್ತು ವರ್ಷ ಬಸ್ ಓಡಿಸಿದವನಿಗೆ!"

"ಮೊದಲ ವಾರ ಎಲ್ಲರಿಗೂ ಎರಡೇ," ಎಂದಳು ರೇಣು.

ಅವಳು ಕ್ಲಿಕ್ಕರನ್ನು ಹೊರಗೆ ತೆಗೆದಳು. ಹನ್ನೊಂದನ್ನು ಒಮ್ಮೆ ನೋಡಿದಳು. ಪಕ್ಕದ ತಿರುಪನ್ನು ತಾನೇ ತಿರುಗಿಸಿದಳು. ನಾಲ್ಕು ಸೊನ್ನೆಗಳು ಸಾಲಾಗಿ ಬಂದು ನಿಂತವು.

"ಗೋಡೆ ಮುಟ್ಟಿದ ಮೇಲೆ ಒತ್ತಬೇಕು. ಮೊದಲೇ ಒತ್ತಬಾರದು," ಎಂದು ಅವನ ಅಂಗೈಯಲ್ಲಿ ಇಟ್ಟಳು.