ಮಳೆಗಿಂತ ಮುಂಚೆ ಸುಣ್ಣ

"ಮಳೆ ಬೀಳೋ ಮುಂಚೆ ಸುಣ್ಣ ಗೋಡೆ ಮುಟ್ಟಬೇಕು," ಎಂದ ದಳಪತಿ ಫೆಲಿಸಿಯೋ, ಸುಣ್ಣದ ಗೂಡಿನ ಬಾಯಲ್ಲಿ ನಿಂತು. "ನೆನೆದ್ರೆ ಸುಣ್ಣ ದಾರೀಲೇ ಕುದ್ದು ಹಾಳಾಗುತ್ತೆ. ಹಿಮ ಶುರುವಾದ್ರೆ ಗಾರೆ ಕಚ್ಚಲ್ಲ. ಆಮೇಲೆ ಆ ಸಂದು ಬೇಸಿಗೆವರೆಗೂ ಬಾಯಿ ಬಿಟ್ಕೊಂಡೇ ಇರುತ್ತೆ."

ಆ ಸಂದಿನ ವಿಷಯ ಎನಿಕಾಗೆ ಯಾರೂ ಹೇಳಬೇಕಿರಲಿಲ್ಲ. ರೋಮನ್ನರ ಸರಹದ್ದಿನ ಗೋಡೆ ಅವಳ ಗುಡಿಸಲಿನ ಎದುರಿಗೇ ಕುಸಿದು ಬಾಯಿ ಬಿಟ್ಟಿತ್ತು. ಹೋದ ಚಳಿಗಾಲ ಬಡಗಣ ಕಳ್ಳರು ಅಲ್ಲಿಂದಲೇ ನುಗ್ಗಿ ಅವಳ ಹಸುಗಳನ್ನು ಹೊಡೆದುಕೊಂಡು ಹೋಗಿದ್ದರು. ಉಳಿದದ್ದು ಒಂದು ಕಡಸು. ಅಂದಿನಿಂದ ಅದರ ಹಗ್ಗವನ್ನು ಮುಂಗೈಗೆ ಕಟ್ಟಿಕೊಂಡೇ ಮಲಗುತ್ತಿದ್ದಳು. ಗಂಡ ಸತ್ತಾಗಲೂ ಇಷ್ಟು ನಿದ್ದೆ ಕೆಟ್ಟಿರಲಿಲ್ಲವಲ್ಲ ಎಂದು ನೆನೆದು ಒಮ್ಮೊಮ್ಮೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಸೈನ್ಯದ ಹೇಸರಗತ್ತೆಗಳು ಕಲ್ಲು ಹೊತ್ತು ಕುಂಟುತ್ತಿದ್ದವು. ಹಾಗಾಗಿ ತನ್ನೆರಡನ್ನು ಅವಳೇ ಹೊಡೆದುಕೊಂಡು ಬಂದಿದ್ದಳು. ಜೊತೆಗೆ ಹಳೆಯ ಸಿಪಾಯಿ ಸಟ್ಟೋ. ಸುಟ್ಟ ಸುಣ್ಣದ ಬುಟ್ಟಿಗಳನ್ನು ಬೆನ್ನಿನ ಎರಡೂ ಬದಿಗೆ ಬಿಗಿದು, ಮೇಲೆ ತೊಗಲು ಹೊದಿಸಿ ಹೊರಟರು.

ಬಯಲಿನ ಕುರುಚಲು ಗಿಡಗಳು ಹೂವುದುರಿಸಿ ಕಂದಿದ್ದವು. ಕಾಲಿಟ್ಟಲ್ಲೆಲ್ಲ ಕಪ್ಪು ಕೆಸರು ಚಪ್ಪರಿಸಿದಂತೆ ಸದ್ದು ಮಾಡುತ್ತಿತ್ತು. ದೂರದಲ್ಲಿ ಬಂಡೆಯ ಏಣು. ಅದರ ನೆತ್ತಿಯ ಮೇಲೆ ಗೋಡೆ, ನಡುವೆ ಹಲ್ಲು ಬಿದ್ದಂಥ ಜಾಗ. ಪಡುವಣ ಮೋಡ ಅವರಿಗಿಂತ ಜೋರಾಗಿ ನಡೆಯುತ್ತಿತ್ತು.

ಹೊಳೆ ಉಕ್ಕಿತ್ತು. ನಡುನೀರಿನಲ್ಲಿ ಸಟ್ಟೋ ನಿಂತು ಹೆಂಡದ ಚೀಲ ಬಿಚ್ಚಿದ.

"ಈ ಹೊಳೆತಾಯಿಗೆ ಕೊಡದೆ ದಾಟೋದುಂಟಾ?"

"ಒಂದು ಗುಟುಕು ಸಾಕು ಅಣ್ಣ. ನಿಮಗೂ ಉಳೀಲಿ."

"ಜಿಪುಣತನ ಮಾಡೋ ದಿನವೇನಮ್ಮ ಇದು?"

ಅವನು ಕೈ ಮೇಲೆತ್ತಿ ಭಕ್ತಿಯಿಂದ ಸುರಿದ. ಗಾಳಿ ತಿರುಗಿತು. ತೊಗಲಿನ ಅಂಚು ಎದ್ದಿತು. ಹೆಂಡವೆಲ್ಲ ಬುಟ್ಟಿಯೊಳಗೆ!

ಬುಸ್ ಎಂದಿತು ಸುಣ್ಣ. ಹಬೆ ಎದ್ದಿತು. ಬುಟ್ಟಿಯ ಕಡ್ಡಿಗಳು ಹೊಗೆಯಾಡಿದವು. ಹೇಸರಗತ್ತೆ ಕಿರುಚಿ ಸೆಳವಿನತ್ತ ಹಾರಿತು.

"ಹಗ್ಗ ಬಿಡಬೇಡಿ!" ಎನಿಕಾ ಸೊಂಟದ ಚೂರಿ ಕಿತ್ತಳು. ಬಿಸಿಗೆ ಕೈ ಚುರುಗುಟ್ಟಿತು. ಬುಟ್ಟಿ ಬಿಗಿದ ಹಗ್ಗದ ಒಂದು ಎಳೆ ತುಂಡಾಯಿತು, ಇನ್ನೊಂದೂ ತುಂಡಾಯಿತು. ಬುಟ್ಟಿ ತೊಗಲಿನ ಸಮೇತ ನೀರಿಗೆ ಬಿದ್ದು, ಕೊತಕೊತ ಕುದಿಯುತ್ತ ತೇಲಿಹೋಯಿತು. ಒಂದೇ ಕಡೆಯ ಭಾರಕ್ಕೆ ಹೇಸರಗತ್ತೆ ವಾಲಿತು. ಅವಳು ಹೆಗಲು ಕೊಟ್ಟು ದಡಕ್ಕೆ ನೂಕಿದಳು.

"ನಾನು ಹೆಂಡ ಕೊಟ್ಟೆ, ತಾಯಿ ಸುಣ್ಣ ಕೇಳಿದಳು," ಎಂದ ಸಟ್ಟೋ.

"ಬಾಯಿ ಮುಚ್ಕೊಂಡು ಒಂದು ಕಲ್ಲು ಎತ್ತಿ ಕಟ್ಟಿ ಅಣ್ಣ, ಸಮತೂಕ ಆಗಲಿ."

ಮೊದಲ ಹನಿ ಅವಳ ಮೂಗಿನ ಮೇಲೆ ಬಿತ್ತು. ಆ ಹೇಸರಗತ್ತೆಯ ಇನ್ನೊಂದು ಬದಿಯ ಬುಟ್ಟಿಗೆ ಹೊದಿಕೆಯೇ ಇರಲಿಲ್ಲ.

ಎನಿಕಾ ತನ್ನ ಮೈಮೇಲಿನ ಕಂಬಳಿಯನ್ನು ಹಿಡಿದುಕೊಂಡು ಒಂದು ಕ್ಷಣ ನಿಂತಳು. ಸಿಪಾಯಿಗಳಿಗೆ ನೇಯ್ದು ನೇಯ್ದು ಬೆರಳು ಸವೆದ ಮೇಲೆ, ಮೊದಲ ಸಲ ತನಗೆಂದೇ ನೇಯ್ದದ್ದು. ಕುರಿಯ ಜಿಡ್ಡು ತೊಳೆಯದ ಉಣ್ಣೆ, ನೀರು ಜಾರಿಹೋಗುವಂಥದ್ದು. ಬಿಚ್ಚಿ ಬುಟ್ಟಿಗೆ ಸುತ್ತಿದಳು.

ಏಣು ಹತ್ತುವಾಗ ಮಳೆ ಬೆನ್ನಿಗೆ ಬಾರಿಸಿತು. ಸಟ್ಟೋ ತನ್ನ ಹೊದಿಕೆಯ ಅರ್ಧವನ್ನು ಅವಳ ಮೇಲೆಳೆದ. ಜಾರಿದರು, ಬೈದುಕೊಂಡರು, ನಕ್ಕರು. ನೆತ್ತಿಯ ಚಪ್ಪರದಡಿ ಕಂಬಳಿ ಬಿಚ್ಚಿದಾಗ ಸುಣ್ಣ ಬೂದಿಯಂತೆ ಒಣಗಿಯೇ ಇತ್ತು.

ಮಳೆ ನಿಂತ ಮೇಲೆ ಇಡೀ ದಳ ಗೋಡೆ ಕೆಲಸಕ್ಕೆ ಬಿತ್ತು. ಮರುದಿನ ಸಂಜೆಗೆ ಸಂದು ಮುಚ್ಚಿತು. 'ಫೆಲಿಸಿಯೋನ ದಳ ಕಟ್ಟಿದ್ದು' ಎಂದು ಕೊರೆದ ಕಲ್ಲನ್ನು ಕೂರಿಸಿದರು.

"ನಿನ್ನ ಹೆಸರೇ ಇಲ್ವಲ್ಲ ತಂಗಿ!" ಎಂದ ಸಟ್ಟೋ.

"ನನ್ನ ದನಿ ನನ್ನ ಕಡಸಿಗೆ ಗೊತ್ತು. ಅಷ್ಟು ಸಾಕು."

ಫೆಲಿಸಿಯೋ ಅವಳ ಕಂಬಳಿಯನ್ನು ಅವಳತ್ತ ಚಾಚಿದ. ಎನಿಕಾ ಬಾನು ನೋಡಿದಳು. ಮೋಡ ಹರಿದು ಚಳಿ ಇಳಿಯುತ್ತಿತ್ತು.

"ಹಸಿ ಗಾರೆ ಮೇಲೆ ಹೊದಿಸಿ," ಎಂದಳು. "ಇವತ್ತು ಅದಕ್ಕೇ ಚಳಿ ಜಾಸ್ತಿ."

ಗುಡಿಸಲಿನಲ್ಲಿ ಗಂಜಿ ಕುಡಿದು, ಒಲೆಯ ಪಕ್ಕ ಹುಲ್ಲಿನ ಮೇಲೆ ಉರುಳಿದಳು. ರೂಢಿಯಂತೆ ಕೈ ಕಡಸಿನ ಹಗ್ಗಕ್ಕೆ ಹೋಯಿತು. ಎದ್ದು ಅದನ್ನು ಗೂಟಕ್ಕೆ ಕಟ್ಟಿದಳು. ಮುಂಗೈಯಲ್ಲಿ ಹಗ್ಗ ಒತ್ತಿ ಬಿದ್ದ ಕಪ್ಪು ಗೆರೆಯನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದಳು. ಅಷ್ಟರಲ್ಲೇ ನಿದ್ದೆ ಹತ್ತಿತು.