ಕಾಕಾನ ಭಾಷಣದ ಒಂದು ಮಾತು

ಇನ್ನೆರಡು ಸಾಲು. ಅವು ಮುಗಿದರೆ ಆ ಮಾತು ಬರುತ್ತದೆ. ಸೌಂದರ್ಯಾ ಜನರ ನಡುವೆ ಕುಳಿತು ಫ್ರಾಕಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮೈಕ್ ಮುಂದೆ ನಿಂತಿದ್ದವನು ಅವಳ ಕಾಕಾ ಕುಬೇರಪ್ಪ. ಅಪ್ಪನಿಗೆ ಚಿಕ್ಕಪ್ಪನ ಮಗ, ಬಾಜೂ ಮನೆಯವನು. ಈ ಸಲ ಗ್ರಾಮ ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿದ್ದ. ಹೊಲದಲ್ಲಿ ಟ್ರ್ಯಾಕ್ಟರ್ ಸದ್ದಿಗಿಂತ ಜೋರಾಗಿ ಮಾತಾಡುವ ಕಾಕಾಗೆ ಮೈಕ್ ಕಂಡರೆ ಗಂಟಲು ಒಣಗುತ್ತಿತ್ತು. ಹೀಗಾಗಿ ಭಾಷಣ ಬರೆದುಕೊಡುವ ಕೆಲಸ ಸೌಂದರ್ಯಾಗೆ ಬಂದಿತ್ತು. ಆರನೇ ಕ್ಲಾಸಿನಲ್ಲಿ ಪ್ರಬಂಧ ಅಂದರೆ ಅವಳಿಗೇ ಫಸ್ಟ್.

ಕಾಕಾ ಪೇಪರಿನಿಂದ ತಲೆ ಎತ್ತಿದ.

"ಹೆಬ್ಬೆಟ್ಟು ಒತ್ತೂ ಕೈ ನನಗ ಕೊಡ್ರಿ. ಸಹಿ ಹಾಕೂ ಕೈ ಮಾಡಿ ತಿರುಗಿ ಕೊಡ್ತೀನಿ."

ಚಪ್ಪಾಳೆ ಶುರುವಾಯಿತು. ಯಾರೋ ಸೀಟಿ ಹೊಡೆದರು. ಮುಂದೆ ಕುಳಿತ ಹುಡುಗರು ಮೊಬೈಲ್ ಎತ್ತಿ ಹಿಡಿದು, "ಇನ್ನೊಮ್ಮೆ ಹೇಳ್ರಿ, ಇನ್ನೊಮ್ಮೆ," ಅಂದರು. ಕಾಕಾ ಇನ್ನೊಮ್ಮೆ ಹೇಳಿದ.

ಹಿಂದೆ ಕುಳಿತಿದ್ದ ನಾಲ್ಕೈದು ಮಂದಿ ವಯಸ್ಸಾದ ಹೆಂಗಸರು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಸೌಂದರ್ಯಾ ಬೇಗ ಮುಖ ಮುಂದಕ್ಕೆ ತಿರುಗಿಸಿದಳು.

ಸಭೆ ಮುಗಿದ ಮೇಲೆ ಕಾಕಾ ಅವಳ ತಲೆ ಸವರಿದ.

"ಎಂಥಾ ಮಾತು ಬರದೀ ಸೌಂದು. ನೀನ ಬರದೀ ಹೌದಿಲ್ಲೋ?"

"ಹೂಂ," ಅಂದಳು ಸೌಂದರ್ಯಾ. ಬಹಳ ಸಣ್ಣ ಹೂಂ.

ಆ ಮಾತು ಅವಳದಾಗಿರಲಿಲ್ಲ. ಅದು ಹೀರಾಬಾಯಿ ಅಕ್ಕೋರ ಮಾತು.

ಮೂವತ್ತು ವರ್ಷದ ಹಿಂದೆ ಅಕ್ಕೋರು ಈ ಊರಿನ ಶಾಲೆಗೆ ಟೀಚರ್ ಆಗಿ ಬಂದಿದ್ದರು. ಓದು ಬಾರದ ಹೆಂಗಸರ ಮನೆ ಮನೆಗೆ ಹೋಗಿ ಈ ಮಾತು ಹೇಳಿ, ಸಂಜೆ ಬಸವಣ್ಣನ ಗುಡಿ ಕಟ್ಟೆಗೆ ಕರೆದು ಅಕ್ಷರ ಕಲಿಸಿದ್ದರು. ಸೌಂದರ್ಯಾಳ ಅಜ್ಜಿ ಅನ್ನವ್ವ ಅಲ್ಲೇ ಕಲಿತವಳು. ಸೌಂದರ್ಯಾ ಅವಳನ್ನು ಆಯಿ ಅಂತ ಕರೆಯುತ್ತಿದ್ದಳು. ಆಯಿಯ ವಯಸ್ಸಿನ ಎಲ್ಲ ಹೆಂಗಸರಿಗೂ ಆ ಮಾತು ಬಾಯಿಪಾಠ. ಕಾಕಾ ಆಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದ. ಅವನಿಗೆ ಗೊತ್ತಿರಲಿಲ್ಲ.

ಸೌಂದರ್ಯಾ ಮೊದಲು ಸರಿಯಾಗೇ ಬರೆದಿದ್ದಳು. 'ನಮ್ಮೂರ ಹೀರಾಬಾಯಿ ಅಕ್ಕೋರು ಹೇಳಿದಂಗ' ಅಂತ. ಗಟ್ಟಿಯಾಗಿ ಓದಿ ನೋಡಿದಾಗ ಸಾಲು ಉದ್ದವಾಯಿತು ಅನಿಸಿತು. ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಅಷ್ಟೇ.

ಮರುದಿನ ಶಾಲೆಗೆ ಹೋಗುವುದರೊಳಗೆ ವಿಡಿಯೋ ಎಲ್ಲರ ಮನೆಯ ಮೊಬೈಲಿಗೂ ಬಂದಿತ್ತು.

"ನಿಮ್ಮ ಕಾಕಾನ ಡೈಲಾಗ್ ಅಗದಿ ಸೂಪರ್ ಐತಿ," ಅಂದಳು ಪಕ್ಕದಲ್ಲಿ ಕುಳಿತ ಧನಶ್ರೀ. "ನಮ್ಮಪ್ಪ ಸ್ಟೇಟಸ್ ಇಟ್ಟಾನ."

ಸೌಂದರ್ಯಾ ಬೆಂಚಿನ ಕೆಳಗೆ ಕಾಲು ಅಲ್ಲಾಡಿಸುತ್ತಾ ಕುಳಿತಳು. ಎರಡು ಸಲ ಪೆನ್ಸಿಲ್ ಕೆಳಗೆ ಬಿತ್ತು. ಗಣಿತದ ಸರ್, "ಸೌಂದರ್ಯಾ, ಇರುವಿ ಕಡೀತಾವೇನು? ಸುಮ್ಮಕ ಕೂಡು," ಅಂದರು.

ಬುಧವಾರ ಹ್ಯಾಂಡ್‌ಬಿಲ್ ಬಂದವು. ಒಂದು ಕಡೆ ಕಾಕಾ ಕೈ ಮುಗಿದ ಫೋಟೋ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಆ ಮಾತು. ಅದರ ಕೆಳಗೆ, 'ಕುಬೇರಪ್ಪ.'

ಒಂದು ಕಟ್ಟು ಸೌಂದರ್ಯಾಳ ಮನೆಗೂ ಬಂತು. ಆಯಿ ಅಣ್ಣಿಗೇರಿಗೆ, ಮಗಳ ಮನೆಗೆ ಹೋಗಿದ್ದಳು. ನಾಳೆ ವಾಪಸ್ ಬರುವವಳಿದ್ದಳು. ಆಯಿ ಕೈಗೆ ಏನು ಸಿಕ್ಕರೂ ಓದುತ್ತಾಳೆ. ಕ್ಯಾಲೆಂಡರ್, ಎಣ್ಣೆ ಪಾಕೀಟು, ಬಸ್ ಟಿಕೆಟ್, ಎಲ್ಲ. ಸೌಂದರ್ಯಾ ಕಟ್ಟನ್ನು ಬೋರಲು ಹಾಕಿದಳು. ಹಿಂದಿನ ಬದಿಯಲ್ಲೂ ಅದೇ ಇತ್ತು. ಜೋಳದ ಚೀಲದ ಹಿಂದೆ ತುರುಕಿದಳು. ಸ್ವಲ್ಪ ಹೊತ್ತಿನ ಮೇಲೆ ಹೋಗಿ, ಇನ್ನೂ ಒಳಗೆ ತುರುಕಿದಳು.

ಗುರುವಾರ ಆಯಿ ಬಸ್ಸಿಳಿದು ಬಂದು ಚಹಾ ಕುಡಿಯುತ್ತಿದ್ದಾಗಲೇ ಕಾಕಾ ಒಳಗೆ ಬಂದ. ಮುಖ ಕೆಂಪಾಗಿತ್ತು. ಕೈಯಲ್ಲಿ ಮೊಬೈಲ್ ಇತ್ತು.

"ನೋಡ ದೊಡ್ಡವ್ವ, ನೋಡಿಲ್ಲೆ. ದೊಡ್ಡ ಲೀಡರ್ ಅಂತ ಇಂವ. ಮೂರು ಸಾವಿರ ಮಂದಿ ಮುಂದ ನನ್ನ ಮಾತು ಹೇಳ್ಯಾನ."

ಮೊಬೈಲಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಕೈ ಎತ್ತಿ ಮಾತಾಡುತ್ತಿದ್ದ. ಅವನ ಹಿಂದೆ ದೊಡ್ಡ ಬ್ಯಾನರ್ ಇತ್ತು.

"ಕೇಳಲಿಲ್ಲ, ಹೇಳಲಿಲ್ಲ. ತನ್ನದ ಅನ್ನೂವಂಗ ಅಂದಾನ," ಅಂದ ಕಾಕಾ. "'ನಮ್ಮ ಕುಬೇರಪ್ಪ ಹೇಳಿದ್ದು' ಅಂತ ಒಂದ ಮಾತು ಅಂದಿದ್ರ ಅವನ ನಾಲಿಗಿ ಸವೀತಿತ್ತೇನು?"

ಸೌಂದರ್ಯಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು. ನೀರಿಲ್ಲದೆ ಹೊರಗೆ ಬಂದಳು.

"ಯಾವ ಮಾತೋ ಅದು?" ಅಂದಳು ಆಯಿ.

ಕಾಕಾ ಮೈಕ್ ಮುಂದೆ ಹೇಳಿದ ಹಾಗೇ ಹೇಳಿದ.

ಆಯಿ ಬಟ್ಟಲು ಕೆಳಗಿಟ್ಟಳು. "ಇದು ಹೀರಾಬಾಯಿ ಅಕ್ಕೋರ ಮಾತಲ್ಲೇನೋ ಕುಬೇರ? ನಿಂದು ಯಾವಾಗ ಆತು?"

ಕಾಕಾ ಸೌಂದರ್ಯಾಳನ್ನು ನೋಡಿದ. ಬೈದಿದ್ದರೆ ಚಲೋ ಇತ್ತು. ಅವನು ಬರೀ ನೋಡುತ್ತಿದ್ದ.

"ನೀನ ಬರದೀ ಅಂತ ಕೇಳಿದ್ನಲ್ಲ?"

"ಹೂಂ ಅಂದೆ," ಅಂದಳು ಸೌಂದರ್ಯಾ. "ಅಕ್ಕೋರ ಹೆಸರು ಬರದಿದ್ದೆ ಕಾಕಾ. ಆಮ್ಯಾಲೆ ನಾನ ಹೊಡದ ಹಾಕಿದೆ."

ಕಾಕಾ ಮೊಬೈಲ್ ಆರಿಸಿ ಕಿಸೆಯಲ್ಲಿಟ್ಟ.

"ಆಗಿದ್ದಾತು," ಅಂದ. "ಈಗ ನಂದಲ್ಲ ಅಂದ್ರ ಮಂದಿ ನಗತಾರ. ನಾಳಿ ಕಡೀ ಸಭಾ ಐತಿ. ಎಲೆಕ್ಷನ್ ಮುಗೀಲಿ, ನೋಡೂಣು."

ಅವನು ಹೋದ ಮೇಲೆ ಆಯಿ ಚಪ್ಪಲಿ ಮೆಟ್ಟಿದಳು. "ನಡಿ," ಅಂದಳು.

"ಎಲ್ಲಿಗೆ?"

ಆಯಿ ಆಗಲೇ ಹೊಸ್ತಿಲು ದಾಟಿದ್ದಳು. ಸೌಂದರ್ಯಾಗೂ ಗೊತ್ತಿತ್ತು.

ಹೀರಾಬಾಯಿ ಅಕ್ಕೋರ ಮನೆ ಪೋಸ್ಟ್ ಆಫೀಸಿನ ಹಿಂದೆ ಇತ್ತು. ಅಕ್ಕೋರು ಪಡಸಾಲೆಯಲ್ಲಿ ಕುಳಿತು ಚವಳೀಕಾಯಿ ಮುರಿಯುತ್ತಿದ್ದರು. ಆಯಿ ಹೊಸ್ತಿಲ ಹತ್ತಿರ ಕುಳಿತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು. "ಹೇಳು," ಅಂತ ಸೌಂದರ್ಯಾಗೆ ಅಂದಳು.

"ಅಕ್ಕೋರ, ಆ ಭಾಷಣ ನಾ ಬರಕೊಟ್ಟಿದ್ರಿ. ನಿಮ್ಮ ಹೆಸರು ತಗದಬಿಟ್ಟೆ."

"ಯಾಕ ತಗದಿ?"

"ಸಾಲು ಉದ್ದ ಆಗತಿತ್ರಿ."

ಅಕ್ಕೋರು ನಕ್ಕರು. ನಗು ಬೇಗ ಮುಗಿಯಿತು.

"ಕೆಟ್ಟ ಅನಿಸ್ಲಿಲ್ಲ ಅಂದ್ರ ಸುಳ್ಳ ಹೇಳಿದಂಗ ಆಗ್ತೈತಿ," ಅಂದರು. "ಮೂರು ಮಂದಿ ನನಗ ಆ ವಿಡಿಯೋ ಕಳಿಸಿದ್ರು. ಚಲೋ ಮಾತು ಹೇಳ್ಯಾನ, ಕೇಳ್ರಿ ಅಂತ. ನನ್ನ ಮಾತು ನನಗ."

ಸೌಂದರ್ಯಾ ತಲೆ ತಗ್ಗಿಸಿದಳು.

"ಆದ್ರ ಅದು ಬರೇ ಹೆಸರಿನ ಮಾತಲ್ಲ ಯವ್ವ. ಆ ಮಾತು ಅಂದ ಮರುದಿನ ಇಪ್ಪತ್ಮೂರು ಮಂದಿ ಬಂದ ಕುಂತ್ರು ಕಟ್ಟಿ ಮ್ಯಾಲೆ. ದಿನಾಪೂರ್ತಿ ಹತ್ತಿ ಬಿಡಿಸಿ ಬರತಿದ್ರು. ಬೆರಳೆಲ್ಲ ಗೀರಿರತಿದ್ದುವು. ಪಾಟಿ ಮ್ಯಾಲೆ ಕೈ ಊರಿದ್ರ ಉರೀತಿತ್ತು. ಎರಡು ವರ್ಷ, ದಿನಾ ಸಂಜಿ. ಹನ್ನೊಂದ ಮಂದಿ ಸಹಿ ಕಲತ್ರು."

"ಉಳಿದವರು?" ಅಂತ ಕೇಳಿದಳು ಸೌಂದರ್ಯಾ.

"ಹನ್ನೆರಡು ಮಂದಿ ಕೈ ನಾ ತಿರುಗಿ ಕೊಡಲಿಲ್ಲ," ಅಂದರು ಅಕ್ಕೋರು. "ಒಬ್ಬೊಬ್ಬರ ಹೆಸರೂ ನೆನಪೈತಿ."

ಅಕ್ಕೋರು ಇನ್ನೊಂದು ಕಾಯಿ ತೆಗೆದುಕೊಂಡು ಮುರಿದರು.

ದಾರಿಯಲ್ಲಿ ಸೌಂದರ್ಯಾ ಕೇಳಿದಳು. "ಆಯಿ, ನಿನಗ ಎಷ್ಟ ದಿನ ಹಿಡೀತು?"

"ನನ್ನ ಹೆಸರಿನ್ಯಾಗ ಎರಡು ಒತ್ತಕ್ಷರ ಅದಾವ ನೋಡು," ಅಂದಳು ಆಯಿ. "ಒಂದು ನ ಕೆಳಗ, ಒಂದು ವ ಕೆಳಗ. ಅವೆರಡಕ್ಕ ನಾಕ ತಿಂಗಳು ಹೋತು."

ಶುಕ್ರವಾರ ಸಂಜೆ ಕಡೆಯ ಸಭೆ. ಸೌಂದರ್ಯಾ ಹೊಸದಾಗಿ ಬರೆದು, ಅಕ್ಕೋರ ಹೆಸರು ಸೇರಿಸಿ, ಪೇಪರನ್ನು ಕಾಕಾನ ಕೈಗೆ ಕೊಟ್ಟಳು. ಕಾಕಾ ಅದನ್ನು ನೋಡದೆ ಕಿಸೆಗೆ ಹಾಕಿಕೊಂಡ.

ಅವತ್ತು ಜನ ಹೆಚ್ಚಿದ್ದರು. ಕಾಕಾ ರಸ್ತೆಯ ಬಗ್ಗೆ ಹೇಳಿದ, ನೀರಿನ ಟ್ಯಾಂಕಿನ ಬಗ್ಗೆ ಹೇಳಿದ. ಯಾರೂ ಕೇಳುತ್ತಿರಲಿಲ್ಲ. "ಆ ಡೈಲಾಗ್ ಹೇಳ್ರಿ," ಅಂತ ಮುಂದಿನ ಹುಡುಗರು ಕೂಗಿದರು. ಮೊಬೈಲುಗಳು ಮೇಲೆದ್ದವು.

ಕಾಕಾ ಕೆಮ್ಮಿದ. "ಹಿರಿಯರೊಬ್ಬರು ಹೇಳಿದಂಗ," ಅಂತ ಶುರುಮಾಡಿದ.

ಹಿಂದೆ ಆಯಿ ಎದ್ದು ನಿಂತಳು.

"ಅವರಿಗೆ ಹೆಸರಿಲ್ಲೇನೋ ಕುಬೇರ?"

ಎಲ್ಲರೂ ತಿರುಗಿ ನೋಡಿದರು. ಕೆಲವರು ನಕ್ಕರು. ಕಾಕಾನ ಕಿವಿ ಕೆಂಪಾಯಿತು. ಸೌಂದರ್ಯಾಗೆ ಎದ್ದು ಓಡಿಹೋಗಬೇಕು ಅನಿಸಿತು. ಕಾಕಾ ಅಷ್ಟು ಜನರ ನಡುವೆ ಅವಳನ್ನೇ ಹುಡುಕಿ ನೋಡಿದ. ಅವಳು ಓಡಿಹೋಗದೆ ನೆಲ ಹಿಡಿದು ಕುಳಿತಳು.

"ಹೀರಾಬಾಯಿ ಅಕ್ಕೋರು," ಅಂದ ಕಾಕಾ. "ಈ ಮಾತು ನಂದಲ್ಲ. ಅವರದು. ಹೋದ ಸಲ ಹೇಳಬೇಕಿತ್ತು. ಹೇಳಲಿಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹುಡುಗರು ಮೊಬೈಲ್ ಇಳಿಸಿದರು. ಹಿಂದೆ ಕುಳಿತ ಹೆಂಗಸರಲ್ಲಿ ಗುಜುಗುಜು ಶುರುವಾಯಿತು. "ನನಗೂ ಅವರ ಕಲಿಸಿದ್ರು," ಅಂದಳು ಒಬ್ಬಳು. "ನನಗೂ," ಅಂದಳು ಇನ್ನೊಬ್ಬಳು.

ಆಗ ಬಸಲಿಂಗವ್ವ ಎದ್ದಳು. ತೆಳ್ಳಗಿನ ಮುದುಕಿ. ಈಗಲೂ ಕೂಲಿಗೆ ಹೋಗುತ್ತಿದ್ದಳು.

"ನಾನೂ ಹೋಗಿದ್ನೆಪ್ಪ ಅಕ್ಕೋರ ಹಂತ್ಯಾಕ," ಅಂದಳು. "ಹತ್ತಿ ಸುಗ್ಗಿ ಬಂತು, ಬಿಟ್ಟೆ. ಸಂಘದ ಬುಕ್ಕಿನ್ಯಾಗ ಇನ್ನೂ ಹೆಬ್ಬೆಟ್ಟ ಒತ್ತತೀನಿ. ಅಕ್ಕೋರ ಮಾತು ನೀ ಅಂದಿ, ಚಲೋ ಆತು. ಮತ್ತ ಈ ಕೈ ಏನ್ ಮಾಡ್ತಿ?"

ಅವಳು ಬಲಗೈಯನ್ನು ಮುಂದೆ ಚಾಚಿದಳು.

ಕಾಕಾ ಕಿಸೆಯಿಂದ ಪೇಪರ್ ತೆಗೆದ. ಬಿಡಿಸಿ ನೋಡಿದ. ಅದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಸೌಂದರ್ಯಾ ಕೂತಲ್ಲೇ ಉತ್ತರ ಕಟ್ಟಲು ನೋಡಿದಳು. ಒಳ್ಳೊಳ್ಳೆ ಶಬ್ದಗಳು ಬಂದವು. ಆ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು. ಒಂದು ಶಬ್ದವೂ ಸಾಲಲಿಲ್ಲ.

ಕಾಕಾ ಮೈಕ್ ಬಿಟ್ಟು ಈಚೆ ಬಂದ.

"ಸೋಮವಾರ," ಅಂದ. "ಅಷ್ಟೊತ್ತಿಗೆ ವೋಟಿಂಗ್ ಮುಗದಿರ್ತೈತಿ. ಆರಿಸಿ ಬರಲಿ, ಬಿಡಲಿ. ಸಂಜಿ ಆರಕ್ಕ ಗುಡಿ ಕಟ್ಟಿಗೆ ಬಾ ಯವ್ವ. ನನಗ ಕಲಸಾಕ ಬರತೈತೋ ಇಲ್ಲೋ ಗೊತ್ತಿಲ್ಲ. ಸೌಂದು ಇರ್ತಾಳ."

ಸೌಂದರ್ಯಾಳನ್ನು ಯಾರೂ ಕೇಳಿರಲಿಲ್ಲ. ಆದರೂ ಅವಳು ತಲೆ ಆಡಿಸಿದಳು.

ಸೋಮವಾರ ಅವಳು ಐದೂವರೆಗೇ ಹೋಗಿ ಕುಳಿತಳು. ಯಾರೂ ಬರಲಿಕ್ಕಿಲ್ಲ ಅನಿಸಿತು. ಎದ್ದು ಓಣಿಯ ತುದಿಗೆ ಹೋಗಿ ನೋಡಿ ಬಂದಳು. ಆರಕ್ಕೆ ಕಾಕಾ ಬಂದ. ವೋಟು ಎಣಿಸುವುದು ಇನ್ನೂ ಬುಧವಾರ. ಅವನು ಕಟ್ಟೆಯ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದ. ಆಮೇಲೆ ಬಸಲಿಂಗವ್ವ ಬಂದಳು. ಅವಳ ಜೊತೆ ಇನ್ನಿಬ್ಬರು.

ಸೌಂದರ್ಯಾ ಪಾಟಿಯ ಮೇಲೆ ದೊಡ್ಡದಾಗಿ 'ಬ' ಬರೆದಳು. ಬಸಲಿಂಗವ್ವನ ಬೆರಳುಗಳಿಗೆ ಬಳಪ ಕೊಟ್ಟು, ಮೇಲಿಂದ ತನ್ನ ಕೈ ಇಟ್ಟು ಹಿಡಿದಳು.

ಆ ಕೈ ಅಷ್ಟು ಬಿರುಸಾಗಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಎಡಕ್ಕೆ ತಿರುಗಿಸಿದರೆ ಕೆಳಗೆ ಹೋಗುತ್ತಿತ್ತು. ಬಳಪ ಪಟ್ಟನೆ ಮುರಿಯಿತು. ಇನ್ನೊಂದು ಕೊಟ್ಟಳು. ಅದೂ ಮುರಿಯಿತು. ಗೆರೆ ಒಂದು ಕಡೆ, ಸುಳಿ ಒಂದು ಕಡೆ ಹೋದವು. ಒರೆಸಿ ಮತ್ತೆ ಬರೆದರು. ಮತ್ತೆ ಒರೆಸಿದರು. ಸೌಂದರ್ಯಾಳ ಮಣಿಕಟ್ಟು ನೋಯತೊಡಗಿತು.

ದೀಪ ಹಚ್ಚುವ ಹೊತ್ತಾದರೂ 'ಬ' ಆಗಿರಲಿಲ್ಲ.

"ಇವತ್ತ ಆಗಲಿಲ್ಲಲ್ಲವಾ," ಅಂದಳು ಬಸಲಿಂಗವ್ವ ಬೆರಳು ಮಡಚಿ ಬಿಚ್ಚುತ್ತಾ. "ನಾಳಿ ಬರಲಿ?"

ಎರಡು ವರ್ಷ, ದಿನಾ ಸಂಜಿ. ಅಕ್ಕೋರು ಅದನ್ನು ಎಷ್ಟು ಹಗುರಾಗಿ ಹೇಳಿದ್ದರು. ಸೌಂದರ್ಯಾ ತನ್ನ ಮಣಿಕಟ್ಟು ತಿಕ್ಕಿಕೊಂಡಳು. ಪಾಟಿಯ ಮೇಲಿನ ವಕ್ರ ಗೆರೆಯನ್ನು ನೋಡಿದಳು.

"ನಾಳಿ ಬಾ ಆಯಿ," ಅಂದಳು.